ಅಮ್ಮನ ಕಿಡ್ನಿಗೆ ಎರಡು ರಕ್ತನಾಳ, ಅದಕ್ಕೆ ದೋಷ ಅಂತ ಹೆಸರಿಡಬೇಡಿ (ಭಾಗ 3)

ಫೋಟೋದಲ್ಲಿರೋದು ನಮ್ಮಮ್ಮನ ಹೊಟ್ಟೆ. ಒಳಗಡೆಯದ್ದು! ಅಮ್ಮನ್ನ ಕೇಳಿಯೇ ಹಾಕಿದ್ದೀನಿ, ಹೆಸರಿರೋ ಮೂಲೆ ಕ್ರಾಪ್ ಆಗಿದೆ. ನಡುವೆ ಬೆಳ್ಳಗೆ ಇಳಿದಿರೋ ದಪ್ಪ ಪೈಪು ಮಹಾಪಧಮನಿ. ಅದರಿಂದ ಕಿಡ್ನಿಗೆ ಹೋಗೋ ಕೊಂಬೆ ಎಣಿಸಿ. ನಿಮ್ಮ ಎಡಕ್ಕೆ ಒಂದು, ಬಲಕ್ಕೆ ಎರಡು. (ಸ್ಕ್ಯಾನ್ ನೋಡೋದು ಎದುರಿಗೆ ನಿಂತವರನ್ನ ನೋಡಿದ ಹಾಗೆ. ಅಂದ್ರೆ ಎರಡಿರೋದು ಅಮ್ಮನ ಎಡಗಿಡ್ನಿಗೆ.)

ಹಿಂದಿನ ಭಾಗ ಓದಿದವರಿಗೆ ಗೊತ್ತು, ಸೋದರಮಾವನಿಗೆ ಡಯಾಲಿಸಿಸ್ ನಡೀತಿದೆ, ಕಿಡ್ನಿ ಕೊಡ್ತಿರೋದು ಅಮ್ಮ. ದಾನಿಗಳಿಗೆ ಸಿಟಿ ಆಂಜಿಯೋಗ್ರಾಂ ಮಾಡ್ತಾರೆ. ಕೈಗೆ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟಾಗ ಮೈಯೆಲ್ಲಾ ಬಿಸಿ ಆಯ್ತಂತೆ, ಅಷ್ಟೇ. ಕಷ್ಟ ಶುರುವಾಗಿದ್ದು ಕೌಂಟರ್‌ನಲ್ಲಿ ರಿಪೋರ್ಟ್ ಕವರ್ ಕೈಗೆ ಬಂದ ಮೇಲೆ. ಬಸ್ಸಲ್ಲೇ ಬಿಚ್ಚಿ ನೋಡಿದೆ. ‘ಆಕ್ಸೆಸರಿ ರೀನಲ್ ಆರ್ಟರಿ’, ‘ವೇರಿಯಂಟ್ ಅನಾಟಮಿ’. ಬೇಡದ ಕೆಲಸ ಮಾಡಿದೆ, ಫ್ಯಾಮಿಲಿ ಗ್ರೂಪಿಗೆ ಫೋಟೋ ಹಾಕಿದೆ. ಸಂಜೆಯೊಳಗೆ ಅದು ‘ಅವಳ ಕಿಡ್ನೀಲೇ ಡಿಫೆಕ್ಟ್ ಇದೆಯಂತೆ’ ಆಗಿತ್ತು. ಕೊಡೋದೇ ಬೇಡ ಅಂದವರೂ ಇದ್ರು. ರಾತ್ರಿ ಅಮ್ಮ ಕೇಳಿದ್ರು, ‘ನಲವತ್ತಾರು ವರ್ಷ ದೋಷ ಇಟ್ಕೊಂಡೇ ಬದುಕಿದ್ನೇನೋ?’

ನನ್ನ ಹತ್ರ ಉತ್ತರ ಇರಲಿಲ್ಲ. ಎರಡು ದಿನ ಆದ್ಮೇಲೆ ಡಾಕ್ಟರ್ ಅದೇ ಕವರ್ ಹಿಂದೆ ಚಿತ್ರ ಬರೆದು ಹೇಳಿದ್ರು. ತಾಯಿ ಗರ್ಭದಲ್ಲಿ ಕಿಡ್ನಿ ಹುಟ್ಟೋದು ಕೆಳಗೆ, ಸೊಂಟದ ಹತ್ರ. ನಿಧಾನಕ್ಕೆ ಮೇಲೆ ಏರುತ್ತೆ. ಏರ್ತಾ ಏರ್ತಾ ಹೊಸ ರಕ್ತನಾಳ ಹಿಡಿಯುತ್ತೆ, ಹಳೇದು ಮುಚ್ಚಿಹೋಗುತ್ತೆ. ಕೆಲವರಲ್ಲಿ ಹಳೇದು ಉಳ್ಕೊಳ್ಳುತ್ತೆ. ಮನೆ ಬದಲಾಯಿಸಿದ ಮೇಲೂ ಹಳೇ ನಲ್ಲಿ ಕನೆಕ್ಷನ್ ಬಂದ್ ಆಗದೇ ಉಳಿದ ಹಾಗೆ. ಹೀಗಿರೋರು ಸುಮಾರು ನಾಲ್ಕು ಜನರಲ್ಲಿ ಒಬ್ಬರು! ನಮ್ಮ ಸೆಕ್ಷನ್‌ನಲ್ಲಿ 60 ಜನ ಇದ್ದೀವಿ, ಲೆಕ್ಕ ನೀವೇ ಹಾಕಿ.

ಲಿವರ್ ಕಥೆ ಇನ್ನೂ ಮಜಾ. ಮೈಕೆಲ್ಸ್ ಅನ್ನೋ ಅಮೆರಿಕದ ಅಂಗರಚನಾ ತಜ್ಞ 200 ದೇಹ ಕೊಯ್ದು ನೋಡಿ, ಲಿವರ್‌ಗೆ ರಕ್ತ ಹೋಗೋ ದಾರಿಗಳನ್ನ 1966ರಲ್ಲಿ 10 ಬಗೆ ಮಾಡಿದ್ರು. ಪಠ್ಯಪುಸ್ತಕದಲ್ಲಿರೋ ಬಗೆ ಸಿಕ್ಕಿದ್ದು 55%ರಲ್ಲಿ ಮಾತ್ರ. ಉಳಿದ 45% ‘ವೇರಿಯಂಟ್’. ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಮೋಡ್ ಅಂತ ಓದಿದ್ದೀವಲ್ಲ, ಜಾಸ್ತಿ ಸಲ ಬರೋದು? ಅಲ್ಲಿ ‘ನಾರ್ಮಲ್’ ಅಂದ್ರೆ ಅಷ್ಟೇ. ಸರಿ ಅನ್ನೋ ಅರ್ಥ ಅದಕ್ಕಿಲ್ಲ.

ನಮಗೆ, ಅಂದ್ರೆ ಬಿಕಾಂನವರಿಗೆ, ಈ ಪದ ಕೇಳಿದ್ರೆ ಕಾಸ್ಟಿಂಗ್ ನೆನಪಾಗುತ್ತೆ. ವೇರಿಯನ್ಸ್ ಬಂತು ಅಂದ ತಕ್ಷಣ ಫೇವರಬಲ್ಲೋ ಅಡ್ವರ್ಸೋ ಅಂತ ಕೇಳ್ತೀವಿ. ನಮ್ಮ ಮನೆಯವರು ಮಾಡಿದ್ದೂ ಅದೇ, ಕೇಳದೇ ಅಡ್ವರ್ಸ್ ಅಂತ ಬರ್ಕೊಂಡ್ರು.

ಹಾಗಂತ ಆ ಸಾಲಿಗೆ ಬೆಲೆ ಇಲ್ಲ ಅಂತಲ್ಲ. ‘ಆಕ್ಸೆಸರಿ’ ಅಂದ್ರೆ ಮೊಬೈಲ್ ಕವರ್ ಥರ ಎಕ್ಸ್‌ಟ್ರಾ ಅನ್ಕೊಂಡಿದ್ದೆ ನಾನು. ತಪ್ಪು. ಕಿಡ್ನಿಯ ಒಂದೊಂದು ಭಾಗಕ್ಕೆ ರಕ್ತ ಕೊಡೋದು ಅದರದ್ದೇ ನಾಳ, ಪಕ್ಕದ್ದು ಬಂದು ಸಹಾಯ ಮಾಡಲ್ಲ. ಚಿಕ್ಕದಲ್ವಾ ಅಂತ ಕಟ್ ಮಾಡಿದ್ರೆ ಆ ಭಾಗ ಸಾಯುತ್ತೆ. ಕೆಳಗಿನ ತುದಿಗೆ ಹೋಗೋ ನಾಳ ಮೂತ್ರನಾಳಕ್ಕೂ ರಕ್ತ ಕೊಡೋದುಂಟು. ಅದಕ್ಕೇ ಸರ್ಜನ್‌ಗೆ ಮೊದಲೇ ಗೊತ್ತಿರಬೇಕು. ಅಮ್ಮನದ್ದು ಎಡಗಿಡ್ನಿಯನ್ನೇ ತಗೊಳ್ತಾರಂತೆ, ಯಾಕಂದ್ರೆ ಎಡಗಡೆಯ ಅಭಿಧಮನಿ ಉದ್ದ, ಜೋಡಿಸೋಕೆ ಸುಲಭ. ಎರಡು ನಾಳ ಇದ್ರೆ ಹೊಲಿಗೆ ಕೆಲಸ ಸ್ವಲ್ಪ ಜಾಸ್ತಿ.

ಈಗ ನನ್ನ ವಾದ. ರಿಪೋರ್ಟ್ ಬರೆಯೋದು ಡಾಕ್ಟರ್‌ಗೋಸ್ಕರ, ನಮಗಲ್ಲ, ಒಪ್ತೀನಿ. ಆದ್ರೆ ಮೊದಲು ಕೊಡೋದು ನಮ್ಮ ಕೈಗೆ ತಾನೇ? ಕೊನೇಲಿ ಕನ್ನಡದಲ್ಲಿ ಒಂದೇ ಸಾಲು, ‘ಇದು ಕಾಯಿಲೆ ಅಲ್ಲ, ಹುಟ್ಟಿನಿಂದ ಇರೋ ವ್ಯತ್ಯಾಸ’, ಅಂತ ಟೈಪ್ ಮಾಡೋಕೆ ಎಷ್ಟೊತ್ತು ಬೇಕು? ನಮ್ಮ ದೇಶದಲ್ಲಿ ಬದುಕಿರುವಾಗಲೇ ಅಂಗ ಕೊಡೋರಲ್ಲಿ ಹೆಂಗಸರೇ ಜಾಸ್ತಿ. ಮೈ ಕೊಯ್ಸಿಕೊಳ್ಳೋಕೆ ಒಪ್ಪಿದವಳ ಮೇಲೆ ‘ದೋಷ’ದ ಚೀಟಿ ಅಂಟಿಸೋದು ಯಾವ ನ್ಯಾಯ, ಮಾರಾಯ್ರೇ? ಗ್ರೂಪಿಗೆ ಹಾಕಿದ ನನ್ನ ತಪ್ಪೂ ಇದರಲ್ಲಿದೆ, ಅಮ್ಮನ ಹತ್ರ ಸಾರಿ ಕೇಳಿದ್ದೀನಿ. ನಿಮ್ಮ ಮನೆಗೆ ಇಂಥ ರಿಪೋರ್ಟ್ ಬಂದ್ರೆ ಗೂಗಲ್‌ಗಿಂತ ಮೊದಲು ಬರೆಸಿದ ಡಾಕ್ಟರ್ ಹತ್ರ ಹೋಗಿ.

ಆಸ್ಪತ್ರೆಯ ಸಲಹಾ ಪೆಟ್ಟಿಗೆಗೆ ಆ ಒಂದು ಸಾಲಿನ ಬಗ್ಗೆ ಪತ್ರ ಹಾಕಿ ಬಂದೆ. ಪೆಟ್ಟಿಗೆಗೆ ಬೀಗ ಇತ್ತು, ಧೂಳೂ ಇತ್ತು. ಆಪರೇಷನ್ ಮುಂದಿನ ತಿಂಗಳು. ಅಮ್ಮ ಈಗ ಅತ್ತೆಗೆ ಫೋನಲ್ಲಿ ಹೇಳ್ತಿದ್ದಾರೆ, ‘ನಂಗೆ ಡಬಲ್ ಕನೆಕ್ಷನ್ ಇದೆ ಕಣೇ, ನಿಂಗೆಷ್ಟಿದೆ ನೋಡಿಸ್ಕೋ.’

ಭಾಗ 4 ಇಂಟರ್ನಲ್ಸ್ ಮುಗಿದ ಮೇಲೆ.