ಅರ್ಧಕ್ಕೇ ನಿಂತ ಅರ್ಜಿಗಳ ಲೆಕ್ಕ ಎಲ್ಲಿ?

2023ರ ಜುಲೈ 19ಕ್ಕೆ ಗೃಹಲಕ್ಷ್ಮಿ ನೋಂದಣಿ ಶುರುವಾಯ್ತು. ಆಮೇಲೆ ಸುದ್ದಿಯಲ್ಲಿ ನಾನು ಓದಿದ್ದೆಲ್ಲ ‘ಇಷ್ಟು ಅರ್ಜಿ ಬಂತು’ ಅನ್ನೋ ಅಂಕಿ. ತುಂಬೋಕೆ ಹೋಗಿ ಆಗದೆ ವಾಪಸ್ಸಾದವರೆಷ್ಟು?

ಎಣಿಸೋದು ಕಷ್ಟವೇನಲ್ಲ. ಗೂಗಲ್ ಅನಾಲಿಟಿಕ್ಸ್‌ನಲ್ಲಿ ‘ಫಾರ್ಮ್ ಸ್ಟಾರ್ಟ್’, ‘ಫಾರ್ಮ್ ಸಬ್ಮಿಟ್’ ಅಂತ ಎರಡು ಲೆಕ್ಕ ಇರುತ್ತೆ. ಒಂದರಲ್ಲಿ ಇನ್ನೊಂದನ್ನು ಕಳೆದರೆ ಅರ್ಧಕ್ಕೇ ಬಿಟ್ಟವರು ಸಿಗ್ತಾರೆ. ಆನ್‌ಲೈನ್ ಅಂಗಡಿಯವರು ಇದನ್ನೇ ದಿನಾ ನೋಡ್ತಾರೆ, ಗಿರಾಕಿ ತಪ್ಪಿದರೆ ನಷ್ಟ ಅವರದೇ ತಾನೆ. (ಇದಕ್ಕೆ ಯಾರ ಆಧಾರ್ ಸಂಖ್ಯೆಯೂ ಬೇಕಿಲ್ಲ.)

ಆದರೆ ವಿಜಯಪುರ–ಸೊಲ್ಲಾಪುರ ಹೆದ್ದಾರಿಯ ಝಳಕಿಯಂಥ ಊರಲ್ಲಿ ಈ ಕಳೆಯೋ ಲೆಕ್ಕವೂ ಕೈಕೊಡುತ್ತೆ. ಅರ್ಜಿ ತುಂಬೋದು ಸೇವಾ ಕೇಂದ್ರದ ಹುಡುಗ, ಒಂದೇ ಕಂಪ್ಯೂಟರಿನಲ್ಲಿ. ಐವತ್ತು ಹೆಂಗಸರು ಬಂದರೂ ಟೂಲ್‌ಗೆ ಕಾಣೋದು ಒಬ್ಬನೇ ಬಳಕೆದಾರ. ‘ಸ್ಟಾರ್ಟ್’ ದಾಖಲಾಗೋದು ಒಂದು ಸೆಷನ್‌ಗೆ ಒಂದೇ ಸಲ. ಆಧಾರ್‌ಗೆ ಜೋಡಿಸಿದ ಫೋನು ದುಡಿಯೋಕೆ ಹೋದ ಮಗನ ಜೊತೆ ಪುಣೆಯಲ್ಲಿದ್ದು, ಒಟಿಪಿ ಸಿಗದೆ ಎದ್ದು ಹೋದ ತಾಯಿ ಯಾವ ಲೆಕ್ಕಕ್ಕೂ ಬರೋದಿಲ್ಲ. ಸರತಿಯಲ್ಲೇ ಬೇಸತ್ತು ಹೋದವಳಂತೂ ಮೊದಲೇ ಇಲ್ಲ.

ಹಾಗಾಗಿ ಕೇಂದ್ರಗಳಲ್ಲಿ ಟೋಕನ್ ಕೊಡಲಿ. ಕೊಟ್ಟ ಟೋಕನ್ನೆಷ್ಟು, ಸರ್ವರ್ ಸ್ವೀಕರಿಸಿದ ಅರ್ಜಿಯೆಷ್ಟು, ಎರಡನ್ನೂ ಪಂಚಾಯಿತಿವಾರು ಪ್ರತಿ ವಾರ ಪ್ರಕಟಿಸಲಿ.