ಆ ಒಂದು ಮೂಲೆ

ಮಕ್ಕಳೇ, ಮನೆಯಲ್ಲಿ ರೂಬಿಕ್ಸ್ ಕ್ಯೂಬ್ ಇದ್ದರೆ ಕೈಗೆತ್ತಿಕೊಳ್ಳಿ. ಬಣ್ಣಗಳು ಹೇಗೇ ಕಲಸಿರಲಿ, ಚಿಂತೆಯಿಲ್ಲ. ಬಲಬದಿಯನ್ನು ಕಾಲು ಸುತ್ತು ಮೇಲಕ್ಕೆ ತಿರುಗಿಸಿ. ಮೇಲಿನ ಪದರವನ್ನು ಗಡಿಯಾರದ ಮುಳ್ಳು ಹೋಗುವ ಕಡೆಗೆ ಕಾಲು ಸುತ್ತು. ಆಮೇಲೆ ಬಲಬದಿಯನ್ನು ಕೆಳಕ್ಕೆ, ಮೇಲಿನ ಪದರವನ್ನು ವಾಪಸ್. ಇಷ್ಟನ್ನೇ ಆರು ಸಲ ಮಾಡಿದರೆ ಕ್ಯೂಬ್ ಮೊದಲು ಹೇಗಿತ್ತೋ ಹಾಗೇ ಬಂದು ನಿಲ್ಲುತ್ತದೆ! ಅಜ್ಜಿ-ತಾತಂದಿರೂ ಮಾಡಬಹುದು, ಬೆರಳಿನ ಗಂಟುಗಳಿಗೆ ಒಳ್ಳೇ ವ್ಯಾಯಾಮ.

ತಿರುವುಗಳನ್ನು ಹೀಗೆ ಒಂದರ ಹಿಂದೊಂದು ಪೋಣಿಸಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕುವ ಗಣಿತವೇ ಗ್ರೂಪ್ ಥಿಯರಿ. ಬುಡಾಪೆಸ್ಟಿನ ಎರ್ನೋ ರೂಬಿಕ್ 1974ರಲ್ಲಿ ಈ ಕ್ಯೂಬ್ ಮಾಡಿದಾಗ ಅದನ್ನು ಬಿಡಿಸಲು ಅವರಿಗೇ ಸುಮಾರು ಒಂದು ತಿಂಗಳು ಹಿಡಿಯಿತು. ಎಷ್ಟೇ ಕಲಸಿದ್ದರೂ 20 ತಿರುವು ಸಾಕು ಎಂದು 2010ರಲ್ಲಿ ಕಂಪ್ಯೂಟರುಗಳ ನೆರವಿನಿಂದ ಸಾಬೀತಾಯಿತು.

ನನ್ನ ಮೊಮ್ಮಗಳಿಗೆ ಮಾತ್ರ 20 ಲಕ್ಷ ತಿರುವೂ ಸಾಲುತ್ತಿರಲಿಲ್ಲ. ನಾಲ್ಕು ದಿನ ಗುದ್ದಾಡಿದ್ದಳು. ಎಲ್ಲ ಸರಿಹೋಗಿ ಕೊನೆಗೆ ಒಂದೇ ಮೂಲೆ ಓರೆಯಾಗಿ ಉಳಿಯುತ್ತಿತ್ತು. ಗೆಳತಿಯರು ನಕ್ಕರಂತೆ. ವಿಚಾರಿಸಿದರೆ, ಕ್ಯೂಬ್ ಮೆಟ್ಟಿಲ ಮೇಲಿಂದ ಬಿದ್ದು ಮೂಲೆಯ ತುಂಡು ಕಿತ್ತು ಬಂದಿತ್ತು, ತಮ್ಮ ಅದನ್ನು ಹೇಗೋ ಒತ್ತಿ ಕೂರಿಸಿದ್ದ!

ಗ್ಯಾಪ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ನಡುವಿನ ಆರು ಚೌಕ ಬಿಟ್ಟು ಉಳಿದ 48ಕ್ಕೂ ನಂಬರು ಕೊಟ್ಟು, ಆರು ಬದಿಗಳ ತಿರುವನ್ನು ಅದಕ್ಕೆ ಬರೆದುಕೊಟ್ಟೆ. ಕ್ಯೂಬಿಗೆ 4,32,52,00,32,74,48,98,56,000 ರೂಪಗಳಿವೆ ಎಂದು ತಕ್ಷಣ ಹೇಳಿತು. ಅವಳ ಕ್ಯೂಬ್ ಅವುಗಳಲ್ಲಿ ಒಂದೇ ಎಂದು ಕೇಳಿದೆ. ‘ಫಾಲ್ಸ್’ ಎಂದಿತು.

“ಕಂಪ್ಯೂಟರ್ ಹೇಳಿದ್ರೆ ಆಯ್ತಾ ತಾತಾ? ಯಾಕೆ ಅಂತ ಹೇಳು” ಅಂದಳು. ಸರಿಯಾದ ಪ್ರಶ್ನೆ!

ಬಿಳಿ ಬದಿ ಮೇಲೆ, ಹಳದಿ ಕೆಳಗೆ ಬರುವಂತೆ ಹಿಡಿಯಿರಿ. ಪ್ರತಿ ಮೂಲೆಯಲ್ಲೂ ಬಿಳಿ ಇಲ್ಲವೇ ಹಳದಿ ಇರುತ್ತದೆ. ಅದು ಮೇಲಕ್ಕೋ ಕೆಳಕ್ಕೋ ಮುಖಮಾಡಿದ್ದರೆ 0. ಗಡಿಯಾರದ ದಿಕ್ಕಿಗೆ ಓರೆಯಾಗಿದ್ದರೆ 1, ಅದಕ್ಕೆ ವಿರುದ್ಧವಾಗಿದ್ದರೆ 2. ಮೇಲಿನ ಅಥವಾ ಕೆಳಗಿನ ಪದರ ತಿರುಗಿಸಿದರೆ ಈ ಅಂಕಿಗಳು ಬದಲಾಗುವುದಿಲ್ಲ. ಪಕ್ಕದ ಬದಿ ತಿರುಗಿಸಿದರೆ ಎರಡು ಮೂಲೆಗೆ 1, ಎರಡಕ್ಕೆ 2 ಸೇರುತ್ತದೆ, ಒಟ್ಟು 6. ಮೂರಾದರೆ ಮತ್ತೆ 0 ಎಂದು ಎಣಿಸಬೇಕು. ಹಾಗಾಗಿ ಎಂಟು ಮೂಲೆಗಳ ಮೊತ್ತ ಯಾವಾಗಲೂ ಮೂರರಿಂದ ಭಾಗವಾಗುತ್ತದೆ. ಅವಳು ಪೆನ್ಸಿಲ್ ಹಿಡಿದು ಎಣಿಸಿದಳು. ಬಂದಿದ್ದು 1.

“ಹಾಗಾದ್ರೆ ನಾನು ದಡ್ಡಿ ಅಲ್ಲ” ಎಂದು ಆ ಮೂಲೆಯನ್ನು ಬೆರಳಿನಿಂದ ಒತ್ತಿ ತಿರುಗಿಸಿಯೇಬಿಟ್ಟಳು. ಇಡೀ ಕ್ಯೂಬ್ ಬಿಚ್ಚಿ ಕಣ್ಣುಮುಚ್ಚಿ ಜೋಡಿಸಿದರೆ, ಅದು ಬಿಡಿಸಲು ಬರುವಂತಿರುವ ಸಾಧ್ಯತೆ 12ರಲ್ಲಿ ಒಂದೇ. ಅಂಚಿನ ತುಂಡುಗಳಿಗೂ ಇಂಥ ನಿಯಮಗಳಿವೆ.

ಈ ವಾರದ ಲೆಕ್ಕ: ಒಂದು ಮೂಲೆ ಗಡಿಯಾರದ ದಿಕ್ಕಿಗೆ, ಇನ್ನೊಂದು ವಿರುದ್ಧ ದಿಕ್ಕಿಗೆ ಓರೆಯಾಗಿದೆ, ಉಳಿದದ್ದೆಲ್ಲ ಸರಿ. ಈ ಕ್ಯೂಬನ್ನು ಬಿಚ್ಚದೆ ಬಿಡಿಸಬಹುದೇ? ತಾತನ ಜೊತೆ ಕೂತು ಎಣಿಸಿ. ಉತ್ತರ ಮುಂದಿನ ಸಂಚಿಕೆಯಲ್ಲಿ.