ಲ್ಯಾಂಡ್‌ಲೈನ್‌ನಲ್ಲಿ ನೆಟ್: ದೊಡ್ಡ ಪ್ಲಾನ್ ಹಾಕಿಸಿದರೆ ವೇಗ ಬರುತ್ತಾ?

ಮೂಡಲಪಾಳ್ಯದ ಎರಡು ಮನೆಗಳಲ್ಲಿ ಒಂದೇ ಪ್ಲಾನ್ ಇದ್ದರೂ ಫೋನ್ ಲೈನಿನ ನೆಟ್ ಒಂದೇ ವೇಗದಲ್ಲಿ ಬರಬೇಕೆಂದಿಲ್ಲ. ಕಾರಣ ತಂತಿಯಲ್ಲಿದೆ.

ಬಿಎಸ್‌ಎನ್‌ಎಲ್ 2005ರಲ್ಲಿ ಡೇಟಾಒನ್ ಶುರು ಮಾಡಿದ್ದು ಮನೆಗಳಿಗೆ ಆಗಲೇ ಬಂದಿದ್ದ ತಾಮ್ರದ ತಂತಿಯ ಮೇಲೆಯೇ. ನಮ್ಮ ಮಾತಿಗೆ ಅದರಲ್ಲಿ ಬೇಕಾಗುವುದು ಸುಮಾರು 300ರಿಂದ 3,400 ಹರ್ಟ್ಸ್ ಮಾತ್ರ. ಅದಕ್ಕಿಂತ ಮೇಲಿನ ಜಾಗ ಖಾಲಿ ಬಿದ್ದಿತ್ತು. ಡಿಎಸ್‌ಎಲ್ ಡೇಟಾ ಕಳಿಸುವುದು ಅಲ್ಲಿ. ಎಡಿಎಸ್‌ಎಲ್2+ ಸುಮಾರು 22 ಲಕ್ಷ ಹರ್ಟ್ಸ್‌ವರೆಗೆ ಹೋಗಿ 24 ಎಂಬಿಪಿಎಸ್ ಮುಟ್ಟಬಲ್ಲದು. ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿ ಮಾತು, ಡೇಟಾ ಎರಡನ್ನೂ ಬೇರ್ಪಡಿಸುತ್ತದೆ. ಹಾಗಾಗಿ ಫೋನ್ ಎತ್ತಿದರೆ ನೆಟ್ ಕಟ್ ಆಗುತ್ತದೆ ಅನ್ನುವುದು ಡಯಲಪ್ ಕಾಲದ ಮಾತು.

ಆದರೆ ಹರ್ಟ್ಸ್ ಹೆಚ್ಚಿದಷ್ಟೂ ತಾಮ್ರದಲ್ಲಿ ಸಿಗ್ನಲ್ ಬೇಗ ಸೊರಗುತ್ತದೆ. ಎಕ್ಸ್‌ಚೇಂಜ್‌ನಿಂದ ಐದು ಕಿಲೋಮೀಟರ್ ತಂತಿ ದಾಟಿದ ಮನೆಗೆ ಒಂದೆರಡು ಎಂಬಿಪಿಎಸ್ ಸಿಕ್ಕರೇ ಹೆಚ್ಚು. ಮ್ಯಾಪ್ ನೋಡಿ ದೂರ ಅಳೆಯಬೇಡಿ. ಕೇಬಲ್ ರಸ್ತೆ ರಸ್ತೆ ಸುತ್ತಿಕೊಂಡು ಬರುತ್ತದೆ. 100 ಎಂಬಿಪಿಎಸ್ ಕೊಡುವ ವಿಡಿಎಸ್‌ಎಲ್2 ಕೂಡ ಕೆಲವು ನೂರು ಮೀಟರ್ ಒಳಗಷ್ಟೇ ಆ ಆಟ ಆಡುತ್ತದೆ.

ಹೆಚ್ಚು ದುಡ್ಡು ಕಟ್ಟುವ ಮುಂಚೆ ಮೋಡೆಮ್ ಪುಟದಲ್ಲಿ 'ಡೌನ್‌ಸ್ಟ್ರೀಮ್ ರೇಟ್' ನೋಡಿ. ಅಲ್ಲಿ ತಂತಿಯೇ ಗರಿಷ್ಠ 4 ಎಂಬಿಪಿಎಸ್ ಹಿಡಿಯುತ್ತಿದ್ದರೆ, 16ರ ಪ್ಲಾನ್ ಹಾಕಿಸಿ ಪ್ರಯೋಜನವಿಲ್ಲ. ಮಳೆ ಬಂದಾಗ ಫೋನಿನಲ್ಲಿ ಕರಕರ ಸದ್ದು ಕೇಳುತ್ತಿದೆಯೇ? ಜಾಯಿಂಟ್‌ಗೆ ನೀರು ಇಳಿದಿರಬಹುದು. ಮೊದಲು ಲೈನ್‌ಮನ್‌ಗೆ ದೂರು ಕೊಡಿ.